ಅಟ್ಟದ ಕೆಳಗೆ ಆರು ವಾರ

ಪರದೇಶಕ್ಕೆ ಸೇವೆಗೆಂದು ಹೋಗುವವರ ವಿಚಾರ ಬಂದಾಗ ನಾವು ಸಾಮಾನ್ಯವಾಗಿ ಹೋದವರ ಕಡೆಯಿಂದಲೇ ನೋಡುತ್ತೇವೆ. ಅವರು ಮನೆಗೆ ಬರೆದ ಕಾಗದಗಳಿರುತ್ತವೆ, ದಿನಚರಿಗಳಿರುತ್ತವೆ, ಕೆಲವೊಮ್ಮೆ ಪುಸ್ತಕವೂ ಆಗುತ್ತದೆ. ಅವರು ಯಾರ ಮನೆಯ ಬಾಗಿಲಿಗೆ ಬಂದು ನಿಂತರೋ ಆ ಮನೆಯವರು ಮಾತ್ರ ಏನನ್ನೂ ಬರೆದಿಡುವುದಿಲ್ಲ. ಇಂದು ನಾನು ಹೇಳಹೊರಟಿರುವುದು ಅಂಥ ಒಂದು ಬಾಗಿಲಿನ ಒಳಗಡೆ ನಿಂತಿದ್ದ ಒಂಬತ್ತು ವರ್ಷದ ಹುಡುಗ ಕಂಡದ್ದನ್ನು. ಆ ಹುಡುಗ ನಾನೇ ಆದ್ದರಿಂದ ಹೇಳುವ ಹಕ್ಕು ಸ್ವಲ್ಪಮಟ್ಟಿಗೆ ನನಗೆ ಉಂಟು.

ನಮ್ಮ ಕಡೆಗೆ, ಎಂದರೆ ಶೆಟ್ಟಿಕೆರೆ, ಚಿಕ್ಕನಾಯಕನಹಳ್ಳಿ, ತಿಪಟೂರು, ತುರುವೇಕೆರೆಗಳ ತೆಂಗಿನ ಸೀಮೆಗೆ, ಹೊರಗಿನವರು ಬಂದು ನೆಲಸಿದ್ದು ಹೊಸತೇನಲ್ಲ. ಪಕ್ಕದ ಗುಬ್ಬಿಯಲ್ಲಿ 1837ರಷ್ಟು ಹಿಂದೆಯೇ ವೆಸ್ಲಿಯನ್ ಮಿಷನ್ನಿನ ಥಾಮಸ್ ಹಾಡ್ಸನ್ ಬಿಡಾರ ಹೂಡಿದ್ದ. ಕನ್ನಡ ಕಲಿತು, 1859ರಲ್ಲಿ ಇಂಗ್ಲಿಷಿನಲ್ಲಿ ಒಂದು ಕನ್ನಡ ವ್ಯಾಕರಣವನ್ನೂ ಅಚ್ಚು ಹಾಕಿಸಿದ. ಅವನ ಹಿಂದೆಯೇ ಗುಬ್ಬಿಗೆ ಬಂದ ವಿಲಿಯಂ ಆರ್ಥರ್ ಎಂಬ ತರುಣ ಕಣ್ಣಿನ ಬೇನೆಯಿಂದ ಬೇಗನೆ ಹಿಂತಿರುಗಬೇಕಾಯಿತಾದರೂ 1847ರಲ್ಲಿ ಮೈಸೂರು ಸೀಮೆಯ ಮೇಲೆ ಒಂದು ದೊಡ್ಡ ಪುಸ್ತಕವನ್ನೇ ಬರೆದ. ಇವರೆಲ್ಲ ಬಂದದ್ದು ಮತಪ್ರಚಾರಕ್ಕೆ. ಅವರ ವ್ಯಾಕರಣವನ್ನು ನಾವು ಉಳಿಸಿಕೊಂಡೆವು, ಉಪದೇಶವನ್ನು ಬಹುಮಂದಿ ಬಿಟ್ಟುಕೊಟ್ಟರು.

ನಾನು ಹೇಳುವ ದಂಪತಿಗಳು ಬೇರೆ ಬಗೆಯವರು. 1961ರ ಮಾರ್ಚ್ 1ರಂದು ಅಮೆರಿಕದ ಅಧ್ಯಕ್ಷ ಕೆನೆಡಿ ‘ಪೀಸ್ ಕೋರ್’ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ನಮ್ಮ ಪತ್ರಿಕೆಗಳು ಅದನ್ನು ಶಾಂತಿದಳವೆಂದು ಕರೆದವು. ಆ ವರ್ಷದ ಡಿಸೆಂಬರಿನಲ್ಲೇ ಅದರ ಮೊದಲ ತಂಡ ಪಂಜಾಬಿಗೆ ಬಂದಿತು. ಮುಂದೆ ನಮ್ಮ ಮೈಸೂರು ರಾಜ್ಯಕ್ಕೂ ಕೋಳಿ ಸಾಕಣೆ, ವ್ಯವಸಾಯ, ಪೌಷ್ಟಿಕ ಆಹಾರ ಮೊದಲಾದ ಕೆಲಸಗಳಿಗೆ ತರುಣ ತರುಣಿಯರು ಬಂದರು. 1976ರಲ್ಲಿ ಆ ಸಂಸ್ಥೆ ಭಾರತವನ್ನು ಬಿಡುವ ಹೊತ್ತಿಗೆ ದೇಶದಲ್ಲಿ ಕೆಲಸ ಮಾಡಿದ್ದವರ ಸಂಖ್ಯೆ ನಾಲ್ಕು ಸಾವಿರವನ್ನು ಮೀರಿತ್ತು. ಎಲ್ಲರೂ ಎಳೆಯರೇ ಎಂದಲ್ಲ. ಮುಂದೆ ಅಮೆರಿಕದ ಅಧ್ಯಕ್ಷರಾದ ಜಿಮ್ಮಿ ಕಾರ್ಟರರ ತಾಯಿ ಲಿಲಿಯನ್ ತಮ್ಮ 68ನೆಯ ವಯಸ್ಸಿನಲ್ಲಿ ಮುಂಬಯಿಯ ಬಳಿಯ ವಿಕ್ರೋಳಿಗೆ ದಾದಿಯಾಗಿ ಬಂದಿದ್ದರು. ಅವಧಿ ಎರಡು ವರ್ಷ. ಸಂಬಳವೆಂಬುದಿಲ್ಲ, ಸ್ಥಳೀಯರಂತೆ ಬದುಕಲು ಬೇಕಾಗುವಷ್ಟು ಭತ್ಯ.

1965, 66ರಲ್ಲಿ ಮಳೆ ಕೈಕೊಟ್ಟು ದೇಶವೆಲ್ಲ ಅಮೆರಿಕದ ಗೋಧಿಯನ್ನು ಎದುರುನೋಡುತ್ತಿದ್ದ ಕಾಲವದು. ನಮ್ಮ ಶಾಲೆಯಲ್ಲೂ ಮಧ್ಯಾಹ್ನ ‘ಕೇರ್’ ಸಂಸ್ಥೆಯ ಉಪ್ಪಿಟ್ಟು. ಅಮೆರಿಕವೆಂದರೆ ನಮಗೆ ಮಕ್ಕಳಿಗೆ ಒಂದು ವಾಸನೆ, ದೊಡ್ಡ ಕಡಾಯಿಯಿಂದ ಏಳುತ್ತಿದ್ದ ಆ ಎಣ್ಣೆಯ ವಾಸನೆ. 1967ರ ಜೂನ್ ತಿಂಗಳಲ್ಲಿ ಆ ಅಮೆರಿಕ ಎರಡು ಟ್ರಂಕು, ಒಂದು ಸೀಮೆಎಣ್ಣೆಯ ಪಂಪ್ ಸ್ಟೌ ಹೊತ್ತು ನಮ್ಮ ಜಗಲಿಗೇ ಬಂದು ಇಳಿಯಿತು. ಗಂಡನಿಗೆ ಇಪ್ಪತ್ತಾರು, ಹೆಂಡತಿಗೆ ಇಪ್ಪತ್ತನಾಲ್ಕು ಇದ್ದಿರಬಹುದು. ಅವರ ಹೆಸರನ್ನು ಹೇಳುವುದಿಲ್ಲ, ಊರಿನ ಹೆಸರನ್ನೂ ಹೇಳುವುದಿಲ್ಲ. ಶೆಟ್ಟಿಕೆರೆಯ ಸುತ್ತಿನ ಹಳ್ಳಿಗಳಲ್ಲಿ ಒಂದು ಎಂದರೆ ಸಾಕು. ತಂದೆಯವರು ಮಾಧ್ಯಮಿಕ ಶಾಲೆಯಲ್ಲಿ ಉಪಾಧ್ಯಾಯರಾಗಿದ್ದರು, ಇಂಗ್ಲಿಷ್ ಬಲ್ಲವರು. ಬಂದವರಿಗೆ ನಮ್ಮ ಮುಂಭಾಗದ ಕೋಣೆಯನ್ನು ಬಾಡಿಗೆಗೆ ಕೊಡಬೇಕೆಂದು ಮೇಲಿನವರು ಕೇಳಿದಾಗ ಒಪ್ಪಿದವರು ಮಾತ್ರ ಅವರಲ್ಲ, ನಮ್ಮ ಅಜ್ಜಿ. ಮನೆ ಅವಳದು, ಮಾತೂ ಅವಳದು.

ಆ ಕೋಣೆಯ ಮೇಲೆ ನಮ್ಮ ಅಟ್ಟ. ತೆಂಗಿನ ಸೀಮೆಯ ಅಟ್ಟವೆಂದರೆ ಪಟ್ಟಣದ ಕೇಳುಗರಿಗೆ ಸ್ವಲ್ಪ ವಿವರಿಸಬೇಕು. ನಮ್ಮಲ್ಲಿ ಬಲಿತ ಕಾಯನ್ನು ಒಡೆದು ಬಿಸಿಲಿಗೆ ಒಣಗಿಸುವುದಿಲ್ಲ. ಸಿಪ್ಪೆಸಮೇತ ಅಟ್ಟದ ಮೇಲೆ ಹರವಿ ಹತ್ತು ಹನ್ನೆರಡು ತಿಂಗಳು ಬಿಡುತ್ತೇವೆ. ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಡಿಸಿಕೊಂಡು ಗುಂಡಾಗಿ ನಿಲ್ಲುತ್ತದೆ. ಅಲ್ಲಾಡಿಸಿದರೆ ಒಳಗೆ ಗಿಟುಕು ಉರುಳುವ ಸದ್ದು ಕೇಳಬೇಕು. ಆಗ ಅದು ತಿಪಟೂರಿನ ಪೇಟೆಗೆ ಯೋಗ್ಯ. ಇಂಥ ಕಾಯಿಗಳು ಸಾವಿರಗಟ್ಟಲೆ ತಲೆಯ ಮೇಲಿರುವಾಗ ರಾತ್ರಿ ಅಲ್ಲಿ ಇಲಿಗಳು ಓಡಾಡಿದರೆ ಹೇಗಿರುತ್ತದೆ ಎಂಬುದನ್ನು ಊಹಿಸಿಕೊಳ್ಳಿ. ನಮಗೆ ಅದು ಜೋಗುಳ. ಅವರು ಮೊದಲ ಮೂರು ರಾತ್ರಿ ಟಾರ್ಚು ಹಿಡಿದುಕೊಂಡು ಅಂಗಳದಲ್ಲಿ ಕುಳಿತಿದ್ದರು. ಅಂಗಳದಲ್ಲಿ ಇನ್ನೊಂದು ಸದ್ದು: ತೋಟದಲ್ಲಿ ಕಾಯಿ ಬೀಳುವುದು. ನಾಲ್ಕನೆಯ ರಾತ್ರಿ ಅಜ್ಜಿ ಆಕೆಯನ್ನು ಏಣಿ ಹತ್ತಿಸಿ, ಲಾಂದ್ರ ತೋರಿಸಿ, ಒಂದು ಕಾಯನ್ನು ಕಿವಿಯ ಬಳಿ ಅಲ್ಲಾಡಿಸಿ ಕೇಳಿಸಿದಳು. ಒಬ್ಬರ ಭಾಷೆ ಒಬ್ಬರಿಗೆ ತಿಳಿಯದು. ಆದರೂ ಅಟ್ಟದ ಮೇಲೆ ಇಬ್ಬರೂ ನಗುತ್ತಿದ್ದುದು ಕೆಳಗೆ ಕೇಳುತ್ತಿತ್ತು.

ಭಾಷೆ ತಿಳಿಯದು ಎಂದೆ. ಅದು ಪೂರ್ತಿ ಸರಿಯಲ್ಲ. ಅಮೆರಿಕದಲ್ಲಿಯೇ ಅವರಿಗೆ ಮೂರು ತಿಂಗಳು ಕನ್ನಡ ಹೇಳಿಕೊಟ್ಟಿದ್ದರು. ರೋಮನ್ ಲಿಪಿಯಲ್ಲಿ ಬರೆದ ನೋಟು ಪುಸ್ತಕವೊಂದು ಆಕೆಯ ಕೈಯಲ್ಲಿ ಸದಾ ಇರುತ್ತಿತ್ತು. ಆದರೆ ನೋಟು ಪುಸ್ತಕದ ಕನ್ನಡಕ್ಕೂ ನಮ್ಮ ಬೀದಿಯ ಕನ್ನಡಕ್ಕೂ ಏನು ಸಂಬಂಧ? ಬಂದ ಹೆಂಗಸರು ಎದ್ದು ‘ಬರ್ತೀನಿ ಕಣಮ್ಮ’ ಎಂದು ಹೊರಟರೆ, ಮತ್ತೆ ಬರುತ್ತಾರೆಂದು ಈಕೆ ಚಹಕ್ಕೆ ನೀರಿಟ್ಟು ಕಾಯುವಳು. ‘ಊಟ ಆಯ್ತೇ?’ ಎಂದರೆ ಆಗಿದ್ದನ್ನೂ ಆಗದ್ದನ್ನೂ, ಏನೇನು ಉಂಡೆನೆಂಬುದನ್ನೂ ಸವಿಸ್ತಾರವಾಗಿ ಹೇಳುವಳು. ನಾವು ಅದನ್ನು ಕೇಳುವುದು ಉತ್ತರಕ್ಕಾಗಿ ಅಲ್ಲವಲ್ಲ! ಮುಂದೆ ಮೂವತ್ತು ವರ್ಷಕ್ಕೂ ಮೀರಿ ಕನ್ನಡ ಪಾಠ ಹೇಳಿದ ನಾನು ಮಾತಿನ ಅರ್ಥಕ್ಕೂ ಮಾತಿನ ಕೆಲಸಕ್ಕೂ ಇರುವ ಅಂತರವನ್ನು ವಿವರಿಸುವಾಗಲೆಲ್ಲ ಆ ಚಹದ ಪಾತ್ರೆಯನ್ನೇ ನೆನೆಯುತ್ತಿದ್ದೆ. ಆಕೆ ಗಂಡನನ್ನು ಹೆಸರು ಹಿಡಿದು ಕೂಗುತ್ತಿದ್ದುದು ಅಜ್ಜಿಗೆ ಬಹಳ ಸಂಕಟದ ವಿಷಯ. ಊರವರು ಅವನನ್ನು ‘ಕೋಳಿ ಸಾಹೇಬರು’ ಎಂದರು. ಆಕೆ ಮೊದಲ ವಾರ ‘ದೊರೆಸಾನಿ’, ಎರಡನೆಯ ವಾರಕ್ಕೆ ‘ಅಮೆರಿಕದಕ್ಕ’.

ಕೋಳಿ ಸಾಹೇಬರ ಕೆಲಸ ಮೊದಲೇ ಎಡವಿತು. ಬಿಳಿಯ ಲೆಗ್‌ಹಾರ್ನ್ ಕೋಳಿಗಳನ್ನು ಊರವರಿಗೆ ಸಾಕಲು ಕಲಿಸಬೇಕೆಂದು ಅವನು ಬಂದದ್ದು. ಇಳಿದುಕೊಂಡದ್ದು ಮೊಟ್ಟೆಯೆಂಬ ಮಾತನ್ನೇ ಗಟ್ಟಿಯಾಗಿ ಆಡದ ಬೀದಿಯಲ್ಲಿ. ಮರಿಗಳು ಬರುತ್ತವೆಂದು ಹೇಳಿದ್ದ ಕಚೇರಿಯೊಂದು ವಾರ ವಾರವೂ ‘ಮುಂದಿನ ವಾರ’ ಎನ್ನುತ್ತಿತ್ತು. ಕೋಳಿ ಸಾಕುವವರ ಬಳಿಗೆ ಹೋದರೆ ಅವರಲ್ಲೊಬ್ಬ ಹಿರಿಯ, ಈ ಜಾತಿಯ ಹೇಂಟೆ ಕಾವಿಗೆ ಕೂರುವುದಿಲ್ಲವೆಂದು ಕೇಳಿ, ‘ಕಾವಿಗೆ ಕೂರದ ಕೋಳಿ ಎಂಥಾ ಕೋಳಿ ಸ್ವಾಮಿ? ಮರಿ ಬೇಕಾದಾಗ ಅಮೆರಿಕಕ್ಕೆ ಬರೀಬೇಕೇ?’ ಎಂದನಂತೆ. ಇದು ಹಾಸ್ಯವಾಗಿ ಕಂಡರೂ ಪ್ರಶ್ನೆ ಸರಿಯಾದದ್ದೇ. ಅವನು ಜಗಲಿಯ ಮೇಲೆ ಕುಳಿತು ಬರಲಿರುವ ಕೋಳಿಗಳಿಗೆ ಗೂಡಿನ ನಕ್ಷೆ ಬರೆಯುತ್ತಿದ್ದ.

ಹೆಂಡತಿಗೆ ಆ ಭಾಗ್ಯವೂ ಇರಲಿಲ್ಲ. ಪೌಷ್ಟಿಕ ಆಹಾರದ ವಿಚಾರ ಹೆಂಗಸರಿಗೆ ತಿಳಿಸಬೇಕೆಂದು ಆಕೆಯ ಕಾಗದದಲ್ಲಿ ಬರೆದಿತ್ತು. ಅಡಿಗೆಮನೆಯ ಹೊಸ್ತಿಲನ್ನು ಯಾರೂ ದಾಟಗೊಡದೆ ಅಡಿಗೆಯ ವಿಚಾರ ಹೇಳುವುದು ಹೇಗೆ? ನಮ್ಮ ಮನೆಯಲ್ಲೂ ಆಕೆಗೆ ನಡುಮನೆಯವರೆಗೆ ಮಾತ್ರ. ಎರಡನೆಯ ವಾರದ ಕೊನೆಗೆ ಆಕೆ ತನ್ನಷ್ಟಕ್ಕೆ ತಾನೇ ಒಂದು ದಾರಿ ಹುಡುಕಿಕೊಂಡಳು. ಕೆರೆಯ ಏರಿಯಾಚೆ, ಆಗಿನ ಮಾತಿನಲ್ಲಿ ಹರಿಜನರ ಕೇರಿ ಎನ್ನುತ್ತಿದ್ದೆವು, ಅಲ್ಲಿಗೆ ಹೋದಳು. ಅಲ್ಲಿ ಯಾವ ಹೊಸ್ತಿಲೂ ಆಕೆಗೆ ಅಡ್ಡವಾಗಲಿಲ್ಲ. ಮಕ್ಕಳ ಹುಣ್ಣು ತೊಳೆದಳು, ಹಾಲಿನ ಪುಡಿಯನ್ನು ಗಂಟಾಗದಂತೆ ಕದಡುವುದನ್ನು ತೋರಿಸಿಕೊಟ್ಟಳು. ಸಂಜೆ ಕೆಂಪಗಾದ ಮುಖದಲ್ಲಿ, ಹತ್ತು ಹೊಸ ಮಾತು ಕಲಿತುಕೊಂಡು ಮನೆಗೆ ಬಂದು, ನೇರವಾಗಿ ಹಿತ್ತಲಿಗೆ ಹೋಗಿ ನಮ್ಮ ಬಾವಿಯ ಹಗ್ಗಕ್ಕೆ ಕೈಹಾಕಿದಳು.

ಮಾರನೆಯ ದಿನ ಬೀದಿಯ ಇಬ್ಬರು ಹಿರಿಯರು ನಮ್ಮ ಜಗಲಿಗೆ ಬಂದರು. ಅಸ್ಪೃಶ್ಯತೆಯನ್ನು ಅಪರಾಧವೆಂದು ಸಾರಿದ ಶಾಸನ 1955ರಲ್ಲಿಯೇ ಬಂದಿತ್ತು. ತಂದೆಯವರು ಅದನ್ನು ತರಗತಿಯಲ್ಲಿ ಪಾಠ ಹೇಳುತ್ತಿದ್ದರು ಕೂಡ. ಜಗಲಿಯ ಮೇಲೆ ಅವರ ಬಾಯಿಂದ ಆ ಮಾತು ಹೊರಡಲಿಲ್ಲ. ತೀರ್ಪು ಕೊಟ್ಟವಳು ಅಜ್ಜಿ, ಬಾಗಿಲ ಮರೆಯಿಂದ: ‘ಬಂದವರನ್ನ ಕಳಿಸೋ ಮಾತು ಬೇಡ. ನೀರು ನಮ್ಮ ಹುಡುಗ ಸೇದಿ ಕೊಡ್ತಾನೆ. ಅವರು ಹಗ್ಗ ಮುಟ್ಟಬೇಕಾದ್ದಿಲ್ಲ.’ ಹಿರಿಯರು ಸಮಾಧಾನದಿಂದ ಎಲೆ ಅಡಿಕೆ ಹಾಕಿಕೊಂಡು ಎದ್ದರು. ಅಜ್ಜಿಯ ಜಾಣತನವನ್ನು ಎಲ್ಲರೂ ಮೆಚ್ಚಿದರು. ನಾನೂ ಮೆಚ್ಚಿದೆ.

ಅಂದಿನಿಂದ ಬೆಳಿಗ್ಗೆ ನಾಲ್ಕು ಕೊಡ, ಸಂಜೆ ನಾಲ್ಕು ಕೊಡ. ನಾನು ಸೇದಿ, ಅವರ ಹಂಡೆಗೆ ಮುಟ್ಟದಂತೆ ಎತ್ತರದಿಂದ ಸುರಿಯುತ್ತಿದ್ದೆ. ಪ್ರತಿಯೊಂದು ಕೊಡಕ್ಕೂ ಆಕೆ ‘ಧನ್ಯವಾದ’ ಎನ್ನುವಳು. ಮನೆಯ ಮಾತಿನಲ್ಲಿ ನಾವು ಎಂದೂ ಬಳಸದ ಪದ. ಆಕೆ ಅದನ್ನು ಅಚ್ಚುಕಟ್ಟಾಗಿ, ಒತ್ತಕ್ಷರ ಕೆಡದಂತೆ ಹೇಳುವಳು. ಇದನ್ನು ಆಕೆ ಅಜ್ಜಿಯ ಅಕ್ಕರೆಯೆಂದು ತಿಳಿದಿದ್ದಳು. ಊರಿಗೆ ಬರೆದ ಕಾಗದದಲ್ಲಿ ಹಾಗೆಂದು ಬರೆದಿದ್ದೇನೆಂದು ತಂದೆಯವರಿಗೆ ಹೇಳಿದಳು. ತಂದೆಯವರು ಕನ್ನಡಕ ಒರೆಸಿಕೊಂಡರು. ನನಗೆ ತುದಿಯಲ್ಲಿ ರಬ್ಬರು ಇದ್ದ ಹಳದಿಯ ಪೆನ್ಸಿಲೊಂದನ್ನು ಕೊಟ್ಟಳು. ಕಾರಣ ತಿಳಿದಿದ್ದೂ ನಾನು ಅದನ್ನು ತೆಗೆದುಕೊಂಡೆ, ಶಾಲೆಯಲ್ಲಿ ಎಲ್ಲರಿಗೂ ತೋರಿಸಿದೆ.

ಐದನೆಯ ವಾರದಲ್ಲಿ ನನಗೆ ಜ್ವರ ಬಂತು. ಎರಡನೆಯ ದಿನ ಬೆಳಗಿನ ಜಾವ ಗಡಗಡೆಯ ಸದ್ದು ಕೇಳಿ ಎದ್ದು ನೋಡಿದರೆ ಹಿತ್ತಲಲ್ಲಿ ಆಕೆ. ತನ್ನ ಹಂಡೆ ತುಂಬಿಸಿಕೊಂಡದ್ದಲ್ಲದೆ ನಮ್ಮ ಹಿತ್ತಾಳೆಯ ಕೊಡಗಳೆರಡನ್ನೂ ತುಂಬಿಸಿ ಕಟ್ಟೆಯ ಮೇಲಿಟ್ಟಿದ್ದಳು. ಕಾಯಿಲೆಯ ಮನೆಗೆ ಉಪಕಾರವಾಗಲೆಂದು. ಅಜ್ಜಿ ಬಂದಳು. ನಿಂತು ನೋಡಿದಳು. ಏನೂ ಮಾತನಾಡದೆ ಒಂದು ಕೊಡವನ್ನು ಎತ್ತಿ ತೆಂಗಿನ ಸಸಿಯ ಪಾತಿಗೆ ಹೊಯ್ದಳು. ಎರಡನೆಯದನ್ನೂ ಹೊಯ್ದಳು. ಹುಣಿಸೆಹಣ್ಣು ಹಾಕಿ ಕೊಡಗಳನ್ನು ಬೆಳಗಿದಳು, ಹಗ್ಗದ ಮೇಲೆ ನೀರು ಸುರಿದಳು, ಬಳಿಕ ತಾನೇ ಸೇದತೊಡಗಿದಳು. ಎಪ್ಪತ್ತರ ಸಮೀಪದ ಮುದುಕಿ. ಆಕೆ ಪಕ್ಕದಲ್ಲಿಯೇ ನಿಂತು ಎಲ್ಲವನ್ನೂ ನೋಡಿದಳು.

ಸಂಜೆ ನನ್ನ ಹಾಸಿಗೆಯ ಬಳಿಗೆ ಬಂದು ಕುಳಿತು, ‘ಯಾಕೆ?’ ಎಂದು ಕೇಳಿದಳು. ದೊಡ್ಡವರನ್ನು ಕೇಳಲಿಲ್ಲ, ದೊಡ್ಡವರ ಕನ್ನಡ ಆಕೆಗೆ ತಿಳಿಯುತ್ತಿರಲಿಲ್ಲವೋ, ಅಥವಾ ತಿಳಿಯತೊಡಗಿತ್ತೋ. ಹಗ್ಗ ಜಾರುತ್ತದೆ ಎಂದು ಹೇಳಲು ಬಾಯಿ ತೆರೆದವನು, ಜ್ವರದ ಮಂಪರಿನಲ್ಲಿಯೋ ಏನೋ, ‘ನೀವು ಕೇರಿಗೆ ಹೋಗ್ತೀರಲ್ಲ, ಅದಕ್ಕೆ’ ಎಂದುಬಿಟ್ಟೆ. ಆಕೆ ಒಂದೊಂದೇ ಪದವನ್ನು ತನ್ನೊಳಗೆ ಹೇಳಿಕೊಂಡಳು. ಬಳಿಕ ‘ನೀನೂ?’ ಎಂದಳು. ನಾನು ಗೋಡೆಯ ಕಡೆಗೆ ಹೊರಳಿಕೊಂಡೆ.

ಅವರು ಜಗಳವಾಡಲಿಲ್ಲ. ಆರನೆಯ ವಾರದ ಕೊನೆಗೆ ಊರಾಚೆ ಕೆರೆಯ ಕಡೆ ಖಾಲಿ ಇದ್ದ ಕೊಬ್ಬರಿಯ ಗೋದಾಮೊಂದನ್ನು ಹಿಡಿದು ಅಲ್ಲಿಗೆ ಹೋದರು. ಆ ಬಳಿಯ ಪಾಳುಬಾವಿಯನ್ನು ಗಂಡ ಕೇರಿಯವರ ಜೊತೆಗೂಡಿ ಹೂಳೆತ್ತಿಸಿದ. ಕೋಳಿಮರಿಗಳು ಬಂದದ್ದೂ ಅಲ್ಲಿಗೇ. ಮುಂದಿನ ಎರಡು ವರ್ಷದ ಕಥೆ ಬೇರೆ, ಅದರಲ್ಲಿ ನನ್ನ ಪಾತ್ರ ಕಡಿಮೆ.

ಹೊರಟ ದಿನ ಅಜ್ಜಿ ಅಟ್ಟದಿಂದ ಹತ್ತು ಕಾಯಿ ಇಳಿಸಿ, ಒಂದೊಂದನ್ನೂ ಅಲ್ಲಾಡಿಸಿ ನೋಡಿ, ಗಾಡಿಯಲ್ಲಿಟ್ಟಳು. ಜೊತೆಗೆ ತೆಂಗಿನ ನಾರಿನ ಹೊಸ ಹಗ್ಗವೊಂದನ್ನು ಸುತ್ತಿ ಆಕೆಯ ಕೈಗೇ ಕೊಟ್ಟಳು. ಕೊಡುವಾಗ ಕೈಗೆ ಕೈ ತಾಗಿತು. ಅದು ನನ್ನ ಕಣ್ಣಿಗೆ ಬಿತ್ತು. ಅದಾದ ಮೇಲೆ ಅಜ್ಜಿ ಸ್ನಾನ ಮಾಡಿದಳೇ ಎಂಬುದನ್ನು ನಾನು ನೋಡಲು ಹೋಗಲಿಲ್ಲ. ಎರಡು ದಿನದ ಮೇಲೆ ಆಕೆ ಹೇಳಿಕಳುಹಿಸಿದಳು: ಹಗ್ಗ ಬಾವಿಗೆ ಎರಡು ಮಾರು ಸಾಲದು ಎಂದು. ತಂದೆಯವರು ಸಂತೆಯ ದಿನ ಇನ್ನೊಂದನ್ನು ತಂದು, ಗಂಟು ಹಾಕಿಕೊಟ್ಟು ಬಂದರು.