ಎರಡು ಆಟಗಳ ಆಟಗಾರರು

ಹಡಗಲಿಯಲ್ಲಾಗಲಿ, ಕೊಟ್ಟೂರಿನಲ್ಲಾಗಲಿ, ಶಾಲೆ ಬಿಟ್ಟ ಮೇಲೆ ಹುಡುಗರು ಬಯಲಿನಲ್ಲಿ ಆಡುವುದನ್ನು ನೀವು ನೋಡಿದ್ದೀರಿ. ನಿನ್ನೆ ಬ್ಯಾಟು ಹಿಡಿದಿದ್ದವನೇ ಇಂದು ಕಾಲ್ಚೆಂಡನ್ನು ಒದೆಯುತ್ತಾನೆ. ಅವನಿಗೆ ಎರಡೂ ಸಮಾನವೇ. ಆದರೆ ಎರಡು ಆಟಗಳಲ್ಲಿಯೂ ದೇಶದ ಕರೆ ಬಂದರೆ? ಅಂಥ ಕರೆ ಬಂದ ಇಬ್ಬರ ಕಥೆಯನ್ನು ಈ ಹೊತ್ತು ನಿಮಗೆ ಹೇಳಬೇಕೆಂದಿದ್ದೇನೆ.

ಮೊದಲನೆಯವರು ಆಲ್ಫ್ರೆಡ್ ಲಿಟಲ್ಟನ್. ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನಲ್ಲಿ ದೊಡ್ಡ ಮನೆತನವೊಂದರಲ್ಲಿ ಹುಟ್ಟಿದವರು. ಹಣದ ಆಸೆಯಿಲ್ಲದೆ, ಬರಿಯ ಸಂತೋಷಕ್ಕಾಗಿ ಆಡಿದವರು. 1877ರಲ್ಲಿ ಲಂಡನ್ನಿನ ಓವಲ್ ಮೈದಾನದಲ್ಲಿ ಸ್ಕಾಟ್ಲೆಂಡಿನ ಮೇಲೆ ಕಾಲ್ಚೆಂಡಾಡಿ ಒಂದು ಗೋಲು ಹೊಡೆದರು. ಮೂರು ವರ್ಷಗಳ ಅನಂತರ ಅದೇ ಮೈದಾನದಲ್ಲಿ ಆಸ್ಟ್ರೇಲಿಯದ ಎದುರು ಕ್ರಿಕೆಟ್ ಟೆಸ್ಟ್ ಆಡಿದರು. ಎರಡು ಆಟಗಳಲ್ಲಿಯೂ ಇಂಗ್ಲೆಂಡಿನ ಪರವಾಗಿ ಆಡಿದವರಲ್ಲಿ ಇವರೇ ಮೊದಲಿಗರು.

1884ರಲ್ಲಿ ಓವಲ್‌ನಲ್ಲಿಯೇ ಒಂದು ಸ್ವಾರಸ್ಯ ನಡೆಯಿತು. ಆಸ್ಟ್ರೇಲಿಯದವರು 551 ರನ್ನುಗಳನ್ನು ಗುಡ್ಡೆ ಹಾಕಿದರು. ಇಂಗ್ಲೆಂಡಿನ ಹನ್ನೊಂದು ಮಂದಿಯೂ ಚೆಂಡೆಸೆದು ದಣಿದರು. ವಿಕೆಟ್ ಕೀಪರ್ ಆಗಿದ್ದ ಲಿಟಲ್ಟನ್ನರು ಕೈಗವಸು ಕಳಚಿಟ್ಟು, ಕೈಯನ್ನು ಕೆಳಗಿನಿಂದ ಬೀಸಿ ಚೆಂಡು ಎಸೆದರು. 19 ರನ್ನುಗಳಿಗೆ ನಾಲ್ಕು ವಿಕೆಟ್ಟುಗಳು ಬಿದ್ದುವು!

ಲಿಟಲ್ಟನ್ನರಿಗೆ ಎರಡು ಆಟಗಳು ಹೇಗೆ ಒದಗಿದುವು? ಅಲ್ಲಿ ಕಾಲ್ಚೆಂಡು ಚಳಿಗಾಲದ ಆಟ, ಕ್ರಿಕೆಟ್ ಬೇಸಗೆಯ ಆಟ. ಒಂದು ಇನ್ನೊಂದಕ್ಕೆ ಅಡ್ಡ ಬರುತ್ತಿರಲಿಲ್ಲ. ಮನೆಯಲ್ಲಿ ಅನುಕೂಲವೂ ಇತ್ತು. ಮುಂದೆ 1903ರಲ್ಲಿ ಅವರು ವಸಾಹತುಗಳ ಮಂತ್ರಿಗಳೂ ಆದರು.

ಇನ್ನೊಬ್ಬರು ನಮಗೆ ಹತ್ತಿರದವರು. ಬಳ್ಳಾರಿ ಸೀಮೆ 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರುವವರೆಗೆ ಕೂಡ್ಲಿಗಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿಗಳೆಲ್ಲ ಮದರಾಸಿನ ಆಡಳಿತಕ್ಕೆ ಸೇರಿದ್ದುವು. ಆ ಮದರಾಸಿನ ಆಟಗಾರರು ಎಂ. ಜೆ. ಗೋಪಾಲನ್. 1934ರ ನವೆಂಬರ್ 4ರಂದು ರಣಜಿ ಟ್ರೋಫಿಯ ಮೊಟ್ಟಮೊದಲ ಪಂದ್ಯ ಮದರಾಸಿಗೂ ಮೈಸೂರಿಗೂ ಚೆಪಾಕಿನಲ್ಲಿ ನಡೆದಾಗ ಮೊದಲ ಚೆಂಡನ್ನು ಎಸೆದವರು ಇವರೇ. ಮೈಸೂರು 48 ಮತ್ತು 59 ರನ್ನುಗಳಿಗೆ ಉರುಳಿ, ಪಂದ್ಯ ಒಂದೇ ದಿನದಲ್ಲಿ ಮುಗಿದುಹೋಯಿತು. ಸರಕಾರ ಮದರಾಸಿನದು, ಮನೆಮಾತು ಮೈಸೂರಿನದು. ಆ ದಿನ ನಮ್ಮ ಹಿರಿಯರು ಯಾರ ಗೆಲುವನ್ನು ತಮ್ಮದೆನ್ನಬೇಕಿತ್ತು, ನೀವೇ ಯೋಚಿಸಿ.

ಗೋಪಾಲನ್ನರು ಅದೇ ವರ್ಷದ ಜನವರಿಯಲ್ಲಿ ಕಲ್ಕತ್ತೆಯಲ್ಲಿ ಇಂಗ್ಲೆಂಡಿನ ಎದುರು ಟೆಸ್ಟ್ ಆಡಿದ್ದರು. 1935ರಲ್ಲಿ ಧ್ಯಾನಚಂದರೊಡನೆ ಭಾರತದ ಹಾಕಿ ತಂಡದಲ್ಲಿ ನ್ಯೂಜಿಲೆಂಡಿಗೆ ಹೋಗಿಬಂದರು. ಆಮೇಲೆ ಬಂತು 1936. ಹಾಕಿ ತಂಡ ಬರ್ಲಿನ್ನಿನ ಒಲಿಂಪಿಕ್ಸಿಗೆ, ಕ್ರಿಕೆಟ್ ತಂಡ ಇಂಗ್ಲೆಂಡಿಗೆ, ಎರಡೂ ಒಂದೇ ಬೇಸಗೆಯಲ್ಲಿ! ಲಿಟಲ್ಟನ್ನರಿಗೆ ಎಂದೂ ಎದುರಾಗದಿದ್ದ ಇಕ್ಕಟ್ಟು ಇವರಿಗೆ ಎದುರಾಯಿತು. ಇವರು ಕ್ರಿಕೆಟನ್ನು ಆರಿಸಿಕೊಂಡು ಇಂಗ್ಲೆಂಡಿನ ಹಡಗು ಹತ್ತಿದರು.

1936ರ ಆಗಸ್ಟ್ 15ರಂದು ಬರ್ಲಿನ್ನಿನಲ್ಲಿ ಧ್ಯಾನಚಂದರ ತಂಡ ಜರ್ಮನಿಯನ್ನು 8–1ರಿಂದ ಸೋಲಿಸಿ ಚಿನ್ನದ ಪದಕ ಗೆದ್ದಿತು. ಅದೇ ದಿನ ಲಂಡನ್ನಿನಲ್ಲಿ, ಲಿಟಲ್ಟನ್ನರು ಎರಡು ಆಟಗಳನ್ನೂ ಆಡಿದ್ದ ಅದೇ ಓವಲ್ ಮೈದಾನದಲ್ಲಿ, ಕೊನೆಯ ಟೆಸ್ಟ್ ಆರಂಭವಾಯಿತು. ಆಡುವ ಹನ್ನೊಂದು ಮಂದಿಯಲ್ಲಿ ಗೋಪಾಲನ್ ಇರಲಿಲ್ಲ. ಹಿಂದಿನ ಎರಡು ಟೆಸ್ಟುಗಳಲ್ಲಿಯೂ ಇರಲಿಲ್ಲ. ಕಲ್ಕತ್ತೆಯ ಪಂದ್ಯವೇ ಅವರ ಪಾಲಿನ ಏಕೈಕ ಟೆಸ್ಟ್ ಆಗಿ ಉಳಿಯಿತು.

ಅವರು ತಪ್ಪು ಮಾಡಿದರೆ? ಹಾಗೆನ್ನಲು ನನಗೆ ಬಾಯಿ ಬಾರದು. ಬಿತ್ತುವವನಿಗೆ ಮಳೆಯ ಲೆಕ್ಕ ಮೊದಲೇ ತಿಳಿದಿರುವುದಿಲ್ಲ. ಮದರಾಸಿನವರು ಅವರನ್ನು ಮರೆಯಲಿಲ್ಲ. ಸಿಂಹಳದೊಡನೆ ಆಡುವ ಪಂದ್ಯದ ಟ್ರೋಫಿಗೆ 1953ರಲ್ಲಿ, ಅವರು ಬದುಕಿರುವಾಗಲೇ, ಅವರ ಹೆಸರಿಟ್ಟರು. ಅವರು 2003ರಲ್ಲಿ ತೀರಿಕೊಂಡರು.

ನಿಮ್ಮ ಮನೆಯ ಹುಡುಗನೋ ಹುಡುಗಿಯೋ ಎರಡು ಆಟಗಳಿಗೂ ಓಡುತ್ತಿದ್ದರೆ ಇಂದೇ ತಡೆಯಬೇಡಿ. ಒಂದನ್ನು ಬಿಡಬೇಕಾದ ದಿನ ಬಂದೀತು. ಆ ದಿನ ಆಯ್ಕೆ ಅವರದಾಗಿರಲಿ. ಫಲ ಕೈಗೆ ಹತ್ತದಿದ್ದರೆ, "ಆಗಲೇ ಹೇಳಿರಲಿಲ್ಲವೆ?" ಎಂಬ ಮಾತೊಂದನ್ನು ಮಾತ್ರ ಆಡದಿರಿ.