ಸೊನ್ನೆ, ಒಂದು, ಎರಡು: ಲಿನಕ್ಸ್‌ನ ಮೂರು ದಾರಿಗಳು



ಉರ್ದು, ಕನ್ನಡ ಪಾಠ ಮಾಡುವ ಮೇಷ್ಟ್ರು ಕಂಪ್ಯೂಟರಿನ ವಿಷಯ ಎತ್ತಿಕೊಂಡದ್ದೇಕೆ ಎಂದು ನಿಮಗೆ ಅನಿಸಬಹುದು. ಕಾರಣ ಒಂದು ಪಟ್ಟಿ. ವಿದ್ಯಾರ್ಥಿ ವೇತನಕ್ಕೆ ಅರ್ಜಿ ಹಾಕಿದ ಮಕ್ಕಳ ಹೆಸರುಗಳನ್ನು ಒಂದು ಸಂಜೆ ಅಕಾರಾದಿಯಾಗಿ ಜೋಡಿಸಲು ಹೋಗಿ ಇಡೀ ಪಟ್ಟಿಯನ್ನೇ ಕಳೆದುಕೊಂಡೆ. ಮರುದಿನವೇ ಕೊನೆಯ ದಿನಾಂಕ. ರಾತ್ರಿ ಎರಡು ಗಂಟೆಯವರೆಗೆ ಅರ್ಜಿಗಳನ್ನು ಹರಡಿಕೊಂಡು ಮತ್ತೆ ಟೈಪ್ ಮಾಡಿದೆ. ತಪ್ಪು ಯಂತ್ರದ್ದಲ್ಲ, ನನ್ನದೇ.

1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿದ ಯುನಿಕ್ಸ್, 1991ರಲ್ಲಿ ಬಂದ ಲಿನಕ್ಸ್, ಎರಡರಲ್ಲೂ ಒಂದು ಸಂಪ್ರದಾಯವಿದೆ. ಕೀಲಿಮಣೆ, ಪರದೆ ಮುಂತಾದ ಸಾಧನಗಳನ್ನೂ ಫೈಲಿನಂತೆಯೇ ತೆರೆದು ಓದಬಹುದು, ಬರೆಯಬಹುದು. ಅವುಗಳ ಹೆಸರುಗಳು 'ಡೆವ್' ಎಂಬ ಕೋಶದಲ್ಲಿರುತ್ತವೆ. ಪ್ರತಿಯೊಂದು ಪ್ರೋಗ್ರಾಮಿಗೂ ಸಾಮಾನ್ಯವಾಗಿ ಹುಟ್ಟುವಾಗಲೇ ಮೂರು ದಾರಿ ತೆರೆದಿರುತ್ತವೆ: ಒಳಬರುವುದು ಸೊನ್ನೆ, ಹೊರಹೋಗುವುದು ಒಂದು, ದೋಷದ ಸಂದೇಶ ಹೋಗುವುದು ಎರಡು. ಡೆವ್ ಕೋಶದಲ್ಲಿ ಇವುಗಳ ಹೆಸರು ಎಸ್‌ಟಿಡಿಇನ್, ಎಸ್‌ಟಿಡಿಔಟ್, ಎಸ್‌ಟಿಡಿಇಆರ್‌ಆರ್.

ಹೊರಹೋಗಲು ಎರಡು ದಾರಿ ಏಕೆ? ನಮ್ಮ ತಿಪಟೂರು, ತುರುವೇಕೆರೆ ಕಡೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಅಟ್ಟದಿಂದ ಇಳಿಸಿದ ಕಾಯಿ ಸುಲಿದು, ಚಿಪ್ಪು ಒಡೆದು ಕೊಬ್ಬರಿ ತೆಗೆಯುವವರು ಒಳ್ಳೆಯದನ್ನು ಚೀಲಕ್ಕೂ ಕೌಟನ್ನು ಬೇರೆ ಬುಟ್ಟಿಗೂ ಹಾಕುತ್ತಾರೆ. ಎರಡೂ ಒಂದೇ ಚೀಲಕ್ಕೆ ಬಿದ್ದರೆ ಮಾರುಕಟ್ಟೆಯಲ್ಲಿ ಏನಾಗುತ್ತದೆಂದು ನಿಮಗೇ ಗೊತ್ತು! ಫಲಿತಾಂಶವನ್ನು ಫೈಲಿಗೆ ತಿರುಗಿಸಿದಾಗಲೂ ದೋಷದ ಮಾತು ಅದರೊಳಗೆ ಬೆರೆಯದೆ ಪರದೆಯ ಮೇಲೆ ಕಾಣುವುದು ಈ ಏರ್ಪಾಡಿನಿಂದಲೇ. ಕೆಲವರು ಆ ಮಾತುಗಳು ಕಿರಿಕಿರಿ ಎಂದು 'ಡೆವ್ ನಲ್'ಗೆ ಕಳಿಸಿಬಿಡುತ್ತಾರೆ. ಅಲ್ಲಿಗೆ ಹೋದದ್ದು ತಿರುಗಿ ಬರುವುದಿಲ್ಲ. ಕೌಟಿನ ಬುಟ್ಟಿಯನ್ನು ನೋಡದೆ ಬಾವಿಗೆ ಸುರಿದಂತೆ, ನನಗಂತೂ ಇಷ್ಟವಿಲ್ಲ.

ಇನ್ನು ನನ್ನ ಪಟ್ಟಿಯ ಕಥೆ. ನಾನು ಬರೆದ ಆಜ್ಞೆ 'ಸಾರ್ಟ್ ಪಟ್ಟಿ > ಪಟ್ಟಿ'. ಓದುವುದೂ ಅದೇ ಫೈಲಿನಿಂದ, ಬರೆಯುವುದೂ ಅದಕ್ಕೇ. ಸಾರ್ಟ್ ಕೆಲಸ ಆರಂಭಿಸುವ ಮೊದಲೇ ಶೆಲ್ ಬಾಣದ ಗುರುತನ್ನು ನೋಡಿ, ಬಲಗಡೆಯ ಫೈಲನ್ನು ತೆರೆದು ಬರಿದು ಮಾಡುತ್ತದೆ. ಆಮೇಲೆ ಬಂದ ಸಾರ್ಟ್ ಖಾಲಿ ಫೈಲನ್ನು ಓದಿ, ಖಾಲಿಯನ್ನೇ ಜೋಡಿಸಿಕೊಟ್ಟಿತು. ದೋಷದ ದಾರಿಯಲ್ಲಿ ಒಂದು ಮಾತೂ ಬರಲಿಲ್ಲ, ಏಕೆಂದರೆ ಅದರ ದೃಷ್ಟಿಯಲ್ಲಿ ಏನೂ ತಪ್ಪಾಗಿರಲಿಲ್ಲ. ಬೇರೆ ಹೆಸರಿನ ಫೈಲಿಗೆ ಬರೆಸಬೇಕಿತ್ತು, ಇಲ್ಲವೇ ಸಾರ್ಟ್‌ನದೇ '-ಓ' ಆಯ್ಕೆ ಬಳಸಬೇಕಿತ್ತು. ಅದು ಪೂರ್ತಿ ಓದಿದ ಮೇಲೆಯೇ ಫೈಲಿಗೆ ಬರೆಯುತ್ತದೆ.

ಇದೇ ಗುಂಡಿ ಡೆವ್ ಕೋಶದ ಎಸ್‌ಟಿಡಿಔಟ್‌ನಲ್ಲೂ ಇದೆ. ಸ್ಕ್ರಿಪ್ಟಿನ ಫಲಿತಾಂಶವನ್ನು ಹೊರಗಿನಿಂದ ಒಂದು ಫೈಲಿಗೆ ತಿರುಗಿಸಿದ್ದೀರಿ ಎನ್ನಿ. ಒಳಗಿನ ಒಂದು ಸಾಲು ಒಂಟಿ ಬಾಣದಿಂದ ಆ ಹೆಸರಿಗೆ ಬರೆದರೆ, ಲಿನಕ್ಸ್ ಅದೇ ಫೈಲನ್ನು ಹೊಸದಾಗಿ ತೆರೆದು ಅದುವರೆಗೆ ಬರೆದದ್ದನ್ನೆಲ್ಲ ಅಳಿಸುತ್ತದೆ. ಅಲ್ಲಿ ಹೆಸರಿನ ಬದಲು '>&1' ಎಂದು ಸಂಖ್ಯೆಯನ್ನೇ ಬರೆಯಿರಿ; ಆಗ ತೆರೆದಿರುವ ದಾರಿಯೇ ಮುಂದುವರಿಯುತ್ತದೆ. ಎಸ್‌ಟಿಡಿಇನ್ ಹೆಸರು ಮಾತ್ರ ಬಹಳ ಉಪಕಾರಿ. ಫೈಲಿನ ಹೆಸರು ಕೊಡಲೇಬೇಕೆಂದು ಹಠ ಹಿಡಿಯುವ ಪ್ರೋಗ್ರಾಮಿಗೆ ಅದನ್ನು ಕೊಟ್ಟು, ಹಿಂದಿನ ಆಜ್ಞೆಯ ಫಲಿತಾಂಶವನ್ನು ನೇರವಾಗಿ ಉಣಿಸಬಹುದು.

ಈ ದಾರಿಗಳಿಗೆ ಭಾಷೆಯ ಭೇದವಿಲ್ಲ. ಯುಟಿಎಫ್-8ರಲ್ಲಿ ಕನ್ನಡದ 'ಕ' ಮೂರು ಬೈಟು, ಉರ್ದುವಿನ ಕಾಫ್ ಎರಡು ಬೈಟು. ಎಡದಿಂದ ಬರೆದದ್ದೋ ಬಲದಿಂದ ಬರೆದದ್ದೋ ಎಂದು ಕೇಳದೆ ಬೈಟುಗಳು ಸಾಗುತ್ತವೆ.

ಗಡಿಯಾಚೆ ಕಾಸರಗೋಡಿನ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳು ಲಿನಕ್ಸ್‌ನಲ್ಲೇ ಕಂಪ್ಯೂಟರ್ ಕಲಿಯುತ್ತಾರೆ. ನಿಮಗೂ ಆಸೆಯಿದ್ದರೆ ಶಾಲೆ ಬಿಟ್ಟ ಮೇಲೆ ನನ್ನಲ್ಲಿಗೆ ಬನ್ನಿ, ಕೂತು ಮಾಡಿ ನೋಡೋಣ. ಜೋಡಿಸಬೇಕಾದ ಪಟ್ಟಿಯಿದ್ದರೆ ತನ್ನಿ, ಅದರ ಒಂದು ನಕಲನ್ನು ಮನೆಯಲ್ಲಿ ಇಟ್ಟೇ ತನ್ನಿ.