ಬೀರಾ ಖರ್ಚು ಕೊಟ್ಟ ಕಲ್ಲು

ಅಡುಗೆಮನೆಯ ಕಪಾಟಿನಿಂದ ಒಂದು ಹಳೆಯ ಸ್ಟೀಲ್ ಪಾತ್ರೆ ತೆಗೆದು ಅಂಚು ನೋಡಿ ಮಕ್ಕಳೇ. ಮದುವೆಗೋ ಗೃಹಪ್ರವೇಶಕ್ಕೋ ಉಡುಗೊರೆ ಕೊಟ್ಟವರ ಹೆಸರು ಚುಕ್ಕಿ ಚುಕ್ಕಿಯಾಗಿ ಕೊರೆದಿರುತ್ತದೆ. ಜಾಗ ಚಿಕ್ಕದು, ಆದ್ದರಿಂದ ಅಪ್ಪನ ಹೆಸರು ಒಂದೇ ಅಕ್ಷರಕ್ಕೆ ಇಳಿದಿರುತ್ತದೆ. ಸುಮಾರು 2,000 ವರ್ಷಗಳ ಹಿಂದೆ ರೋಮನ್ ಸಾಮ್ರಾಜ್ಯದ ಊರುಗಳಲ್ಲಿ ಕಲ್ಲು ಕೊರೆಯುತ್ತಿದ್ದವರೂ ಹೀಗೇ ಅಕ್ಷರ ಉಳಿಸುತ್ತಿದ್ದರು.

ಅಂಥದೊಂದು ಕಲ್ಲನ್ನು ಇವತ್ತು ಓದೋಣ ಬನ್ನಿ. ಅದು ಸಿಕ್ಕಿದ್ದು ಆಫ್ರಿಕಾದ ಮೊರಾಕ್ಕೊ ದೇಶದ ವೊಲುಬಿಲಿಸ್ ಎಂಬ ಹಾಳೂರಿನಲ್ಲಿ. ಒಬ್ಬ ದೊಡ್ಡ ಮನುಷ್ಯನ ಗೌರವಕ್ಕೆಂದು ಲ್ಯಾಟಿನ್ ಭಾಷೆಯಲ್ಲಿ ಬರೆಸಿದ ಕಲ್ಲು ಅದು. ಇಂಥ ಕಲ್ಲುಗಳ ಮೇಲೆ ಸಾಮಾನ್ಯವಾಗಿ ಆ ವ್ಯಕ್ತಿಯ ಪ್ರತಿಮೆ ನಿಂತಿರುತ್ತಿತ್ತು. ಕಂಚಿನ ಪ್ರತಿಮೆಗಳನ್ನು ಮುಂದೆ ಬಂದವರು ಕರಗಿಸಿಕೊಂಡರು. ಕಲ್ಲನ್ನು ಕರಗಿಸುವುದು ಹೇಗೆ? ಅದು ಉಳಿಯಿತು.

ಸವೆದ ಅಕ್ಷರ ಓದಲು ಒಂದು ಉಪಾಯವಿದೆ. ಬೆಳಕನ್ನು ಎದುರಿನಿಂದ ಬಿಡದೆ ಪಕ್ಕದಿಂದ ಓರೆಯಾಗಿ ಬಿಡಬೇಕು. ಆಗ ಕೊರೆದ ಗುಳಿಗಳಲ್ಲಿ ನೆರಳು ತುಂಬಿ ಅಕ್ಷರ ಎದ್ದು ಕಾಣುತ್ತದೆ. ನಿಮ್ಮ ಶಾಲೆಯ ಅಡಿಗಲ್ಲಿನ ಮೇಲೆ ಸಂಜೆ ಹೊತ್ತು ಟಾರ್ಚ್ ಹಿಡಿದು ನೀವೂ ಪರೀಕ್ಷಿಸಬಹುದು.

ನಮ್ಮ ಕಲ್ಲಿನಲ್ಲಿ ಮೊದಲು ಬರುವುದು ಹೆಸರು: ಮಾರ್ಕಸ್ ವಲೇರಿಯಸ್ ಸೆವೆರಸ್, ಬೋಸ್ತಾರನ ಮಗ. ‘ಮಗ’ ಎನ್ನುವುದಕ್ಕೆ ‘ಎಫ್’ ಎಂಬ ಒಂದೇ ಅಕ್ಷರ! ಸೆವೆರಸ್‌ನದು ಅಪ್ಪಟ ರೋಮನ್ ಹೆಸರು, ಬೋಸ್ತಾರ್ ಅಲ್ಲ. ರೋಮನ್ನರು ಕಾಲಿಡುವ ಮೊದಲೇ ಆ ಕಡೆ ಬಳಕೆಯಲ್ಲಿದ್ದ ಹೆಸರದು. ಅಪ್ಪನಿಂದ ಮಗನಿಗೆ ಬರುವಷ್ಟರಲ್ಲಿ ಕಾಲ ಹೇಗೆ ಬದಲಾಗಿದೆ ನೋಡಿ.

ಆಮೇಲೆ ಅವನ ಹುದ್ದೆಗಳ ಸಾಲು. ಅದನ್ನು ಬೇಗ ದಾಟೋಣ, ಊರಿನ ಮುಖ್ಯಸ್ಥನಾಗಿದ್ದ ಎಂದರೆ ಸಾಕು.

ಕತೆ ಇರುವುದು ಮುಂದೆ. ಎಡೆಮಾನ್ ಎಂಬುವನು ರೋಮ್ ವಿರುದ್ಧ ದಂಗೆ ಎದ್ದಾಗ ಸೆವೆರಸ್ ಸೈನಿಕರನ್ನು ಕಟ್ಟಿಕೊಂಡು ರೋಮ್ ಪರವಾಗಿ ಹೋರಾಡಿದ. ಬಳಿಕ ಊರಿನ ದೂತನಾಗಿ ಹೋಗಿ ಚಕ್ರವರ್ತಿ ಕ್ಲಾಡಿಯಸ್‌ನನ್ನು ಕೇಳಿಕೊಂಡ. ಬರಿಗೈಯಲ್ಲಿ ಬರಲಿಲ್ಲ. ಊರಿನವರಿಗೆ ರೋಮನ್ ಪೌರತ್ವ ಸಿಕ್ಕಿತು, 10 ವರ್ಷ ತೆರಿಗೆ ಮಾಫಿಯಾಯಿತು. ಯುದ್ಧದಲ್ಲಿ ಸತ್ತು ವಾರಸುದಾರರೇ ಇಲ್ಲದವರ ಆಸ್ತಿಯೂ ಊರಿಗೇ ಬಂತು. ಆ 10 ಕೂಡ ಕಲ್ಲಿನಲ್ಲಿ ‘ಎಕ್ಸ್’ ಎಂಬ ಒಂದೇ ಅಕ್ಷರ.

ಕಲ್ಲಿನ ಮೇಲೆ ಇಸವಿ ಇಲ್ಲವಲ್ಲ, ಎಷ್ಟು ಹಳೆಯದೆಂದು ತಿಳಿಯುವುದು ಹೇಗೆ? ಪತ್ತೇದಾರರ ಹಾಗೆ ಸುಳಿವು ಹುಡುಕಬೇಕು. ಇಲ್ಲಿ ಕ್ಲಾಡಿಯಸ್‌ನನ್ನು ‘ದೇವರಾದ’ ಎಂದು ಕರೆದಿದೆ. ರೋಮ್‌ನಲ್ಲಿ ಚಕ್ರವರ್ತಿಗೆ ಆ ಬಿರುದು ಕೊಡುತ್ತಿದ್ದದ್ದು ಸತ್ತ ಮೇಲೆ. ಕ್ಲಾಡಿಯಸ್ ತೀರಿಕೊಂಡದ್ದು ಕ್ರಿ.ಶ. 54ರಲ್ಲಿ. ಹಾಗಾದರೆ ಕಲ್ಲು ಕೊರೆದದ್ದು ಅದಾದ ಮೇಲೆಯೇ. ಒಂದು ಪದದಿಂದ ಇಷ್ಟು ಗೊತ್ತಾಯಿತು!

ಕೊನೆಯ ಸಾಲುಗಳು ನನಗೆ ಎಲ್ಲಕ್ಕಿಂತ ಇಷ್ಟ. ಸೆವೆರಸ್‌ಗೆ ಈ ಗೌರವ ಕೊಡಬೇಕೆಂದು ತೀರ್ಮಾನಿಸಿದ್ದು ಊರಿನ ಸಭೆ. ಆದರೆ ಅವನ ಹೆಂಡತಿ, ಇಜೆಲ್ತಾ ಎಂಬುವರ ಮಗಳು ಫಾಬಿಯಾ ಬೀರಾ, ‘ಗೌರವ ಸಾಕು, ಖರ್ಚು ನನ್ನದಿರಲಿ’ ಎಂದು ಸ್ವಂತ ಹಣ ಹಾಕಿದಳು. ಅದನ್ನೂ ಕಲ್ಲಿನಲ್ಲಿ ಬರೆಸಿದಳು ಅನ್ನಿ, ಜಾಣೆ! ಗಂಡನ ಕಲ್ಲಿನಲ್ಲಿ ಅವಳ ಹೆಸರೂ ಅವಳ ತಂದೆಯ ಹೆಸರೂ ಉಳಿದದ್ದು ಹೀಗೆ. ಅಷ್ಟೇ ಅಲ್ಲ, ವೊಲುಬಿಲಿಸ್‌ನಲ್ಲಿ ಬೀರಾಳ ಗೌರವಕ್ಕೆಂದೇ ನಿಲ್ಲಿಸಿದ ಬೇರೆ ಕಲ್ಲುಗಳೂ ಸಿಕ್ಕಿವೆ. ಊರಿನ ಮೊದಲ ಅರ್ಚಕಿ ಎಂದು ಅವುಗಳಲ್ಲಿ ಬರೆದಿದೆ.